ಕಸುಬುದಾರನ ಕಾಗದ: ಪುಲಿಗೆರೆಯ ಶಾಸನದಿಂದ ಬೆಟಗೇರಿಯ ಮಗ್ಗದವರೆಗೆ

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕನ್ನಡ ಸಾಹಿತ್ಯ ಓದಿದವರಿಗೆ ಅದು ತಿರುಳುಗನ್ನಡದ ಸೀಮೆ, ಪಂಪನ ಹೆಸರಿನ ಜೊತೆ ನೆನಪಾಗುವ ಊರು. ಈ ಊರಿಗೆ ಇನ್ನೊಂದು ಹಿರಿಮೆಯೂ ಇದೆ. ಅದರ ಬಗ್ಗೆ ಮಾತು ಕಡಿಮೆ. ಕೈಕಸುಬಿನವರ ಹೆಸರನ್ನು ರಾಜಶಾಸನದಲ್ಲಿ ಬರೆಸಿ, ಎಲ್ಲರಿಗೂ ಕಾಣುವಂತೆ ಕಲ್ಲಿನ ಮೇಲೆ ನಿಲ್ಲಿಸಿದ ಊರು ಇದು.

ಸುಮಾರು ಕ್ರಿ.ಶ. 725ರ ಆ ಕಂಬದ ಶಾಸನ ಬಾದಾಮಿ ಚಾಲುಕ್ಯರದು. ವಿಜಯಾದಿತ್ಯ ಆಳುತ್ತಿದ್ದಾಗ ಅವನ ಮಗ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರದವರಿಗೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಒಂದು 'ಆಚಾರ ವ್ಯವಸ್ಥೆ'ಯನ್ನು ಕೊಟ್ಟ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಊರಿನ ನಿಯಮಾವಳಿ. ರಾಜನ ಅಧಿಕಾರಿಗಳು ಏನನ್ನು ಕಾಪಾಡಬೇಕು, ಯಾವ ಮನೆ ಎಷ್ಟು ಕೊಡಬೇಕು ಎಂಬುದು ಅದರಲ್ಲಿದೆ. ತಾಮ್ರಶಾಸನಗಳಿಗೆ ಮನ್ನಣೆ ಇರಬೇಕು, ಹಿಂದಿನಿಂದ ಅನುಭವಿಸುತ್ತ ಬಂದ ಸ್ವತ್ತು ಅನುಭವಿಸುವವರಿಗೇ ಉಳಿಯಬೇಕು ಎಂಬ ಅರ್ಥದ ಮಾತುಗಳಿವೆ. ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ಕಡಿಮೆ ಎಂದು ಕಾಣಿಕೆಯನ್ನು ದರ್ಜೆಗಳಲ್ಲಿ ಗೊತ್ತುಮಾಡಿದ್ದಾರೆ. ಎಲ್ಲ ವರ್ಗದವರ ತೆರಿಗೆ ಕಾರ್ತಿಕ ಮಾಸದಲ್ಲಿ ಕಂಚುಗಾರರ ಶ್ರೇಣಿಗೆ ಸಲ್ಲಬೇಕು ಎಂಬ ಮಾತೂ ಅಲ್ಲಿದೆ.

ಕಂಚುಗಾರರೆಂದರೆ ಕಂಚು ಕರಗಿಸಿ ಪಾತ್ರೆ, ಗಂಟೆ ಮಾಡುವವರು. ಶ್ರೇಣಿ ಎಂದರೆ ಅವರ ಸಂಘ. ಒಂದು ಪಟ್ಟಣದ ತೆರಿಗೆ ಕೈಕಸುಬಿನವರ ಸಂಘದ ಕೈಗೆ ಬಂದು ಸೇರುತ್ತಿತ್ತು! ಆ ಸಂಘಕ್ಕೆ ಲೆಕ್ಕ ಇಡಲು ಬರುತ್ತಿತ್ತು, ಅದರ ಮಾತಿಗೆ ಊರಲ್ಲಿ ಬೆಲೆ ಇತ್ತು, ಅದಕ್ಕೆ ತನ್ನದೇ ಒಂದು ಹೆಸರಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಕಂಚುಗಾರನೊಬ್ಬ ಸತ್ತರೂ ಶ್ರೇಣಿ ಸಾಯುತ್ತಿರಲಿಲ್ಲ. ಕಾನೂನಿನ ಭಾಷೆಯಲ್ಲಿ ಇಂದು ನಾವು ಕಂಪನಿ, ಸೊಸೈಟಿ, ಟ್ರಸ್ಟ್ ಎನ್ನುವುದರ ಬೀಜ ಅದು.

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದರೆ ಇದೇ ಕಥೆಯ ಮುಂದಿನ ಭಾಗ ಸಿಗುತ್ತದೆ. 1095ರ ಡಂಬಳದ ಶಾಸನ ಎರಡು ಬೌದ್ಧ ವಿಹಾರಗಳಿಗೆ ಸಂದ ದಾನವನ್ನು ಹೇಳುತ್ತದೆ. ಅದರಲ್ಲಿ ಒಂದನ್ನು ಕಟ್ಟಿಸಿದವರು ಆ ಊರಿನ ಹದಿನಾರು ಸೆಟ್ಟಿಗಳು. ಇನ್ನೊಂದು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ದೊಡ್ಡ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಹದಿನಾರು ಜನ ಸೇರಿ ಆಸ್ತಿ ಮಾಡಿದರು, ದಾನ ಕೊಟ್ಟರು, ಕೊಟ್ಟದ್ದನ್ನು ಬರೆಸಿದರು. ಬರೆಸಿದ್ದರಿಂದಲೇ ಅವರು ಇದ್ದರೆಂದು ಒಂಬತ್ತು ಶತಮಾನಗಳ ನಂತರವೂ ನಮಗೆ ಗೊತ್ತಿದೆ. ಅದೇ ಕಾಲದಲ್ಲಿ ಅದೇ ಊರಲ್ಲಿ ಬಟ್ಟೆ ನೇಯ್ದವರು, ಹತ್ತಿ ಹಿಂಜಿದವರು, ಚರ್ಮ ಹದ ಮಾಡಿದವರು ಇದ್ದೇ ಇದ್ದರು. ಅವರ ಹೆಸರು ಎಲ್ಲೂ ಇಲ್ಲ. ಬರಹದಲ್ಲಿ ಇದ್ದವನಿಗೆ ಹಕ್ಕು, ಇಲ್ಲದವನಿಗೆ ಬರೀ ಕಸುಬು. ಈ ಭೇದ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಕಾನೂನಿನ ಮಾತು ಯಾರ ಮಾತು?

ಚಾಲುಕ್ಯರು ಹೋದರು, ವಿಜಯನಗರ ಹೋಯಿತು, ವಿಜಾಪುರದ ಆದಿಲ್‌ಶಾಹಿ ಬಂತು. ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ಆ ಕಾಲದ ಕುರುಹು. ಅದಕ್ಕಿಂತ ದೊಡ್ಡ ಕುರುಹು ನಮ್ಮ ನಾಲಿಗೆಯ ಮೇಲಿದೆ. ಗದಗಿನ ಸಂತೆಯಲ್ಲಿ ನಿಂತು ಕೇಳಿದರೆ ಉರ್ದು ಶಾಲೆಯ ಮೆಟ್ಟಿಲು ಹತ್ತದವರೂ ಕರಾರು, ಜಾಮೀನು, ರಸೀದಿ, ವಾಯಿದೆ, ಹಕ್ಕು, ಮಾಲಕ, ವಕೀಲ, ಅರ್ಜಿ, ಫಿರ್ಯಾದಿ, ಜಪ್ತಿ, ದಸ್ತಾವೇಜು ಎನ್ನುತ್ತಾರೆ. 'ಕಾನೂನು' ಎಂಬ ಪದವೇ ಅರಬ್ಬಿಯಿಂದ ಬಂದದ್ದು. ಕಚೇರಿಯ ಪಾರಸಿ ಮೋಡಿ ಲಿಪಿಯ ಮರಾಠಿಗೆ ಇಳಿಯಿತು, ಅಲ್ಲಿಂದ ಕನ್ನಡಕ್ಕೆ ಇಳಿಯಿತು. ಆಳಿದವರು ಬದಲಾದರೂ ಕಚೇರಿಯ ಮಾತು ಬದಲಾಗಲಿಲ್ಲ.

ವಿಚಿತ್ರವೆಂದರೆ, ಈ ಪದಗಳನ್ನು ದಿನವೂ ಬಳಸುವ ನಮ್ಮ ಕಾರೀಗರರು ಅವುಗಳ ಹಿಂದಿನ ಕಾಗದವನ್ನು ಮಾತ್ರ ದೂರವಿಟ್ಟರು. 'ಜಬಾನ್ ಕೊಟ್ಟಾಯ್ತು' ಎಂದರೆ ವ್ಯವಹಾರ ಮುಗಿದಂತೆ. ಇದರಲ್ಲಿ ಒಂದು ಘನತೆ ಇದೆ, ಇಲ್ಲವೆನ್ನಲಾರೆ. ಆದರೆ ಇದು ಧರ್ಮದ ಪಾಠ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಕುರ್‌ಆನಿನ ಅತ್ಯಂತ ಉದ್ದವಾದ ಆಯತ್ತು ಅಲ್-ಬಕರಾ ಅಧ್ಯಾಯದ 282ನೆಯದು. ಅದು ಹೇಳುವುದು ನಮಾಜಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ವಾಯಿದೆಯ ಮೇಲೆ ಸಾಲದ ವ್ಯವಹಾರ ಮಾಡುವಾಗ ಬರೆದುಕೊಳ್ಳಬೇಕು, ನ್ಯಾಯವಾಗಿ ಬರೆಯುವವನೊಬ್ಬನಿರಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂಬುದು ಅದರ ಸಾರ. ಸಾಲ ಹೊತ್ತವನ ಬಾಯಿಂದಲೇ ಒಕ್ಕಣೆ ಬರಬೇಕು ಎಂಬ ಸೂಕ್ಷ್ಮವೂ ಅಲ್ಲಿದೆ. ಸಾಲ ಕೊಟ್ಟವನು ತನಗೆ ಬೇಕಾದಂತೆ ಬರೆದುಕೊಳ್ಳುವಂತಿಲ್ಲ. ಇದನ್ನು ಓದಿದ ಸಮುದಾಯ ಬಾಯಿಮಾತನ್ನೇ ನಂಬಿ ಕೂತದ್ದು ಹೇಗೆ?

ಇದಕ್ಕೆ ಉತ್ತರ ನಮ್ಮ ಅಡ್ಡಹೆಸರುಗಳಲ್ಲಿ ಸಿಗಬಹುದು. ನದಾಫ, ಅತ್ತಾರ, ಮಣಿಯಾರ, ಕಲಾಯಿಗಾರ, ನಾಲಬಂದ, ರಂಗರೇಜ. ಹತ್ತಿ ಹಿಂಜುವವನು, ಸುಗಂಧ ಮಾರುವವನು, ಬಳೆ ತೊಡಿಸುವವನು, ಪಾತ್ರೆಗೆ ಕಲಾಯಿ ಹಾಕುವವನು, ಎತ್ತು-ಕುದುರೆಗೆ ಲಾಳ ಕಟ್ಟುವವನು, ಬಣ್ಣ ಅದ್ದುವವನು. ಬಡಿಗೇರ, ಕಮ್ಮಾರ, ಪತ್ತಾರ, ಚಿತ್ರಗಾರ, ಕುಂಬಾರ ಎಂಬವೂ ಹಾಗೆಯೇ. ಹೆಸರೇ ಕಸುಬಿನ ನೋಂದಣಿ, ಊರೇ ಕಚೇರಿ, ಓಣಿಯ ಹಿರಿಯರೇ ನ್ಯಾಯಾಧೀಶರು. ಗಿರಾಕಿ ನಾಲ್ಕು ಮನೆ ಆಚೆ ಇರುವಾಗ ಕಾಗದ ಬೇಕಾಗಲಿಲ್ಲ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ, ಲಕ್ಷ್ಮೇಶ್ವರದ ದೂದನಾನಾ ದರ್ಗಾದ ಉರುಸಿಗೆ ಸರಕು ಹೊತ್ತು ಹೋದರೂ ಕೊಳ್ಳುವವರು ಪರಿಚಿತರೇ. ಗಿರಾಕಿ ಸೋಲಾಪುರಕ್ಕೆ, ಮುಂಬೈಗೆ ಸರಿದ ದಿನ ಈ ವ್ಯವಸ್ಥೆ ಕುಸಿಯಿತು.

ರೈಲು, ಸಾಲ, ಕಣಗಿನಹಾಳ

ಪೇಶ್ವೆಗಳ ಪತನದ ನಂತರ ನಮ್ಮ ಸೀಮೆ ಒಂದೇ ಕಾನೂನಿನಡಿ ಇರಲಿಲ್ಲ ಎಂಬುದನ್ನು ಇಂದು ನೆನಪಿಡುವವರು ಕಡಿಮೆ. ಗದಗ, ಬೆಟಗೇರಿ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಒಂದು ದಿನದ ಬಂಡಿ ದಾರಿಯಲ್ಲಿ ಮೂರು ಸರಕಾರ, ಮೂರು ಕಚೇರಿ. ಬೆಟಗೇರಿಯಲ್ಲಿ ನೂಲು ಕೊಂಡು ಶಿರಹಟ್ಟಿಯಲ್ಲಿ ಬಟ್ಟೆ ಮಾರಿದವನಿಗೆ ಹಣ ಬಾರದಿದ್ದರೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದೇ ಒಂದು ಪ್ರಶ್ನೆ. 1948ರ ಮಾರ್ಚಿನಲ್ಲಿ ಆ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ವಿಲೀನವಾದ ಮೇಲೆಯೇ ಈ ಐದೂ ಊರು ಒಂದು ಕಾನೂನಿನಡಿ ಬಂದದ್ದು. ಅವು ಒಂದು ಜಿಲ್ಲೆಯಾದದ್ದು ಇನ್ನೂ ತಡವಾಗಿ, 1997ರಲ್ಲಿ.

1884ರಲ್ಲಿ ಗದಗಿಗೆ ರೈಲು ಬಂತು. ಹತ್ತಿ ಹೊರಹೋಯಿತು, ಗಿರಣಿಯ ನೂಲು, ಗಿರಣಿಯ ಬಟ್ಟೆ ಒಳಬಂತು. ನೇಕಾರ ಸ್ವಂತ ನೂಲಿನ ಒಡೆಯನಾಗಿ ಉಳಿಯಲಿಲ್ಲ. ನೂಲು ಕೊಡುವ ಸಾಹುಕಾರ, ನೇಯ್ದು ಕೊಡುವ ಕೂಲಿ ನೇಕಾರ ಎಂಬ ಹೊಸ ಸಂಬಂಧ ಬಲವಾಯಿತು. ನೂಲು ಸಾಹುಕಾರನದು, ವಿನ್ಯಾಸ ಸಾಹುಕಾರನದು, ಲೆಕ್ಕದ ಪುಸ್ತಕವೂ ಸಾಹುಕಾರನದೇ. ನೇಕಾರನಿಗೆ ಉಳಿದದ್ದು ಮಗ್ಗದ ಗುಂಡಿ ಮತ್ತು ಬಾಕಿ.

ಸಾಲದ ವಿರುದ್ಧ ಬ್ರಿಟಿಷ್ ಸರಕಾರ 1879ರಲ್ಲಿ ದಖ್ಖನಿನ ರೈತರ ಋಣ ಪರಿಹಾರ ಕಾಯಿದೆ ತಂದಿತು. ಪುಣೆ, ಅಹಮದನಗರದ ಕಡೆ ರೈತರು ಸಾಹುಕಾರರ ಪತ್ರಗಳನ್ನು ಸುಟ್ಟ ದಂಗೆ ಅದಕ್ಕೆ ಕಾರಣ. ರೈತರು ಮುಖ್ಯವಾಗಿ ಸುಟ್ಟದ್ದು ಕಾಗದವನ್ನು ಎಂಬುದನ್ನು ಗಮನಿಸಬೇಕು. ತಮ್ಮನ್ನು ಕಟ್ಟಿಹಾಕಿದ್ದು ಏನೆಂದು ಅವರಿಗೆ ಗೊತ್ತಿತ್ತು. ಆದರೆ ಕಾಯಿದೆಯ ಹೆಸರೇ ಹೇಳುವಂತೆ ಅದು ರೈತರಿಗೆ. ಮಗ್ಗದವನು, ಕುಲುಮೆಯವನು ಅದರಲ್ಲಿಲ್ಲ.

ಇನ್ನೊಂದು ದಾರಿ ತೆರೆದದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಿಂದ. ಅದರಡಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಅದರ ಹಿಂದೆ ನಿಂತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಬ್ಯಾಂಕು ಒಬ್ಬ ಬಡವನನ್ನು ನಂಬುವುದಿಲ್ಲ. ಆದರೆ ಹಳ್ಳಿಯ ಜನ ಒಬ್ಬರಿಗೊಬ್ಬರು ಹೊಣೆ ನಿಂತು, ಸಂಘಕ್ಕೊಂದು ಹೆಸರು ಕೊಟ್ಟು, ನೋಂದಾಯಿಸಿ, ಲೆಕ್ಕದ ಪುಸ್ತಕ ತಾವೇ ಇಟ್ಟುಕೊಂಡರೆ ಆ ಸಂಘವನ್ನು ನಂಬಬೇಕಾಗುತ್ತದೆ. ಕಂಚುಗಾರರ ಶ್ರೇಣಿ ಹನ್ನೆರಡು ಶತಮಾನಗಳ ನಂತರ ಲಕ್ಷ್ಮೇಶ್ವರಕ್ಕೆ ದೂರವಲ್ಲದ ಹಳ್ಳಿಯಲ್ಲಿ ಮತ್ತೆ ಎದ್ದು ನಿಂತಂತೆ ಇದು.

1904ರ ಕಾಯಿದೆಗೆ ಒಂದು ಮಿತಿ ಇತ್ತು. ಅದು ಸಾಲ ಕೊಡುವ ಸಂಘಗಳಿಗೆ ಮಾತ್ರ. ನೇಕಾರನಿಗೆ ಸಾಲವೊಂದೇ ಸಾಲದು. ನೂಲನ್ನು ಸಗಟಾಗಿ ಕೊಳ್ಳಬೇಕು, ನೇಯ್ದದ್ದನ್ನು ಕೂಡಿ ಮಾರಬೇಕು. 1912ರ ಸಹಕಾರ ಸಂಘಗಳ ಕಾಯಿದೆ ಅದಕ್ಕೂ ಅವಕಾಶ ಕೊಟ್ಟಿತು. ಮುಂಬೈ ಪ್ರಾಂತ 1925ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು, ಕರ್ನಾಟಕದ್ದು 1959ರಲ್ಲಿ ಬಂತು. ನೇಕಾರರ ಸಂಘಗಳು, ಆಮೇಲೆ ಹುಲಕೋಟಿಯ ಸಹಕಾರಿ ನೂಲಿನ ಗಿರಣಿ, ಇವೆಲ್ಲ ಆ ದಾರಿಯಲ್ಲೇ ಬೆಳೆದವು. ಎಷ್ಟೋ ಸಂಘಗಳು ಆಡಳಿತ ಮಂಡಳಿಯವರ ಸ್ವತ್ತಾಗಿ ಸೊರಗಿದವು ಎಂಬುದೂ ನಿಜ. ಸದಸ್ಯ ವಾರ್ಷಿಕ ಸಭೆಗೆ ಹೋಗದಿದ್ದರೆ, ಲೆಕ್ಕ ಕೇಳದಿದ್ದರೆ, ಹೊಸ ಸಂಘವೂ ಹಳೆಯ ಸಾಹುಕಾರನೇ ಆಗುತ್ತದೆ.

ಒಂದು ಸಾಲಿನ ಬೆಲೆ

ಸ್ವಾತಂತ್ರ್ಯದ ನಂತರ ಕೈಮಗ್ಗಕ್ಕೆ ಎದುರಾದದ್ದು ಗಿರಣಿಗಿಂತ ಹೆಚ್ಚಾಗಿ ವಿದ್ಯುತ್ ಮಗ್ಗ. ಬೆಟಗೇರಿಯ ಓಣಿಗಳಲ್ಲಿ ಖಟಪಟ ಸದ್ದಿನ ಜಾಗದಲ್ಲಿ ಮೋಟಾರಿನ ಗದ್ದಲ ಬಂತು. 1985ರಲ್ಲಿ ಸಂಸತ್ತು ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ಮಾಡಿತು. ಮೊದಲ ಆದೇಶದಲ್ಲಿ 22 ಬಗೆಗಳಿದ್ದವು. ವಿದ್ಯುತ್ ಮಗ್ಗದ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. 1993ರಲ್ಲಿ ಪರ್ವೇಜ್ ಅಖ್ತರ್ ಪ್ರಕರಣದಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಗೆದ್ದೆವೆಂದು ಕೈಮಗ್ಗದವರು ನಿಟ್ಟುಸಿರು ಬಿಡುವಷ್ಟರಲ್ಲಿ 22 ಬಗೆ 11ಕ್ಕೆ ಇಳಿದಿತ್ತು. ಕೆಲವು ಬಗೆಯ ಸೀರೆ, ಧೋತಿ, ಟವೆಲು, ಲುಂಗಿ, ಜಮಖಾನ ಆ ಪಟ್ಟಿಯಲ್ಲಿ ಉಳಿದವು. ಮೀಸಲು ಕಾಗದದ ಮೇಲೆ ಇಂದಿಗೂ ಇದೆ. ಆದರೆ ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವಾಗ ದೂರು ಕೊಡುವವರು ಯಾರು? ಪಟ್ಟಿಯಲ್ಲಿ ತನ್ನ ಬಟ್ಟೆ ಇದೆ ಎಂದು ಗೊತ್ತಿರುವ ನೇಕಾರ ಎಷ್ಟು ಜನ?

ಒಂದು ಸಾಲಿನಿಂದ ಕಸುಬು ಉಳಿಯುವುದೂ ಅಳಿಯುವುದೂ ನಮ್ಮ ಪಕ್ಕದಲ್ಲೇ ನಡೆದಿದೆ. ಧಾರವಾಡ ಜಿಲ್ಲೆಯ ಗರಗ ಮತ್ತು ಹುಬ್ಬಳ್ಳಿಯ ಬೆಂಗೇರಿ ರಾಷ್ಟ್ರಧ್ವಜದ ಖಾದಿಗೆ ಹೆಸರಾದವು. ಕೈಯಿಂದ ನೂತ, ಕೈಯಿಂದ ನೇಯ್ದ ಬಟ್ಟೆಯೇ ಧ್ವಜಕ್ಕೆ ಬೇಕು ಎಂಬ ನಿಯಮ ಅವರ ಅನ್ನವಾಗಿತ್ತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶ ಸಿಕ್ಕಿತು. ಮರುವರ್ಷ ಖಾದಿ ಸಂಘದವರು ಬೀದಿಗಿಳಿದರು. ಕಸುಬಿನವನು ಕಾನೂನನ್ನು ಓದದಿದ್ದರೂ ಕಾನೂನು ಅವನನ್ನು ಬಿಡುವುದಿಲ್ಲ.

ಹೆಸರು ಯಾರದು?

ಈ ಶತಮಾನದಲ್ಲಿ ಕಸುಬುದಾರರಿಗೆ ಬಂದ ದೊಡ್ಡ ಕಾಗದ ಭೌಗೋಳಿಕ ಸೂಚಕ, ಎಲ್ಲರ ಬಾಯಲ್ಲಿ 'ಜಿಐ'. ಕಾಯಿದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಒಂದು ಊರಿನ ಮಣ್ಣು, ನೀರು, ಕೈಚಳಕದಿಂದ ಒಂದು ವಸ್ತುವಿಗೆ ಹೆಸರು ಬಂದಿದ್ದರೆ, ಆ ಹೆಸರು ಆ ಊರಿನವರದೇ ಎಂದು ಅದು ಹೇಳುತ್ತದೆ. ಇಳಕಲ್ ಸೀರೆ, ಬಿದರಿ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ನವಲಗುಂದದ ಜಮಖಾನ ಈ ಪಟ್ಟಿಯಲ್ಲಿವೆ.

ನವಲಗುಂದ ಗದಗಿಗೆ ಹತ್ತಿರ. ಅಲ್ಲಿ ಜಮಖಾನ ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ವಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಬಂದ ಮನೆತನಗಳು ತಾವೆಂದು ಹೇಳುತ್ತಾರೆ. ನಿಂತ ಮಗ್ಗದ ಮುಂದೆ ಕೂತು ನವಿಲು, ಪಗಡೆಹಾಸು ಮೂಡಿಸುವ ಆ ಕೈಗಳಿಗೆ ಸರಿಸಾಟಿ ಇಲ್ಲ. ಆದರೆ ಜಿಐ ನೋಂದಣಿಯ ಪುಸ್ತಕ ತೆಗೆದು ನೋಡಿದರೆ ಮಾಲಕರ ಜಾಗದಲ್ಲಿ ಇರುವುದು ರಾಜ್ಯ ಸರಕಾರದ ಕರಕುಶಲ ಅಭಿವೃದ್ಧಿ ನಿಗಮ. ಇದರಲ್ಲಿ ಕಪಟವೇನೂ ಇಲ್ಲ, ಕಾಯಿದೆಯೇ ಹಾಗಿದೆ. ನೇಯುವವರ ಪರವಾಗಿ ಒಂದು ಸಂಸ್ಥೆ ಅರ್ಜಿ ಹಾಕಬಹುದು. ಆಮೇಲೆ ನೇಯುವವರು ಒಬ್ಬೊಬ್ಬರೂ 'ಅಧಿಕೃತ ಬಳಕೆದಾರ'ರೆಂದು ತಮ್ಮ ಹೆಸರನ್ನು ಬರೆಸಬೇಕು. ಅದಕ್ಕೆ ಬೇರೆ ಅರ್ಜಿ, ಅಲ್ಪ ಶುಲ್ಕ. ಈ ಎರಡನೆಯ ಹೆಜ್ಜೆಯಲ್ಲೇ ನಾವು ನಿಂತುಬಿಡುತ್ತೇವೆ. ಪತ್ರಿಕೆಯಲ್ಲಿ 'ನಮ್ಮ ಊರಿಗೆ ಜಿಐ ಬಂತು' ಎಂದು ಓದಿ ಖುಷಿಪಡುವವರು ಬಹಳ. ಆದರೆ ನಕಲು ಮಾಡುವವನ ವಿರುದ್ಧ ನಿಂತು ಮಾತಾಡುವ ಬಲ ಸಿಗುವುದು ನೋಂದಣಿ ಪುಸ್ತಕದಲ್ಲಿ ಹೆಸರಿರುವವರಿಗೆ.

ಜಿಐ ಊರಿಗೆ ಕಟ್ಟಿದ ಗಂಟು ಎಂಬುದನ್ನೂ ಮರೆಯಬಾರದು. ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಕೂಡಿಸಿ ಹಾಕುವ ಹೊಲಿಗೆ ಸಂಡೂರಿನವರದಕ್ಕೆ ಕಡಿಮೆಯಲ್ಲ. ಆದರೂ 'ಸಂಡೂರು' ಎಂಬ ಹೆಸರಿನಲ್ಲಿ ಅವರು ಮಾರುವಂತಿಲ್ಲ. ಬೆಟಗೇರಿಯಲ್ಲಿ ನೇಯ್ದ ಸೀರೆಯನ್ನು 'ಇಳಕಲ್' ಎಂದು ಚೀಟಿ ಅಂಟಿಸಿ ಮಾರುವುದೂ ಕಾನೂನಿಗೆ ವಿರುದ್ಧವೇ. ತಮ್ಮ ಊರಿನ ಹೆಸರನ್ನು ಬೆಳೆಸಿಕೊಳ್ಳುವುದೇ ಅದಕ್ಕೆ ದಾರಿ.

ಅಂಗಡಿಯ ಹೆಸರಿನ ಮಾತು ಬೇರೆ. ಅದು ಟ್ರೇಡ್ ಮಾರ್ಕ್. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ತಲೆತಲಾಂತರಕ್ಕೂ ಉಳಿಯುತ್ತದೆ. ಹೊಸದಾಗಿ ಮಾಡಿದ ಸೆರಗಿನ ವಿನ್ಯಾಸ ಇನ್ನೂ ಬೇರೆ. ಅದಕ್ಕೆ 2000ದ ವಿನ್ಯಾಸ ಕಾಯಿದೆ ಇದೆ. ಮೊದಲು ಹತ್ತು ವರ್ಷ, ಬೇಕಾದರೆ ಮತ್ತೆ ಐದು ವರ್ಷ ರಕ್ಷಣೆ. ಆದರೆ ವಿನ್ಯಾಸ ಪೇಟೆಗೆ ಬರುವ ಮೊದಲೇ ನೋಂದಾಯಿಸಬೇಕು, ಜಾತ್ರೆಯಲ್ಲಿ ತೋರಿಸಿದ ಮೇಲೆ ಹೊಸದೆನ್ನಲಾಗದು. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಯಂತ್ರದಿಂದ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಮೇಲಿನ ಕೃತಿಸ್ವಾಮ್ಯವೂ ಹೋಗುತ್ತದೆ.

ಬರಹಗಾರ, ನಾಟಕಕಾರ, ಹಾಡುಗಾರರ ಕೃತಿಸ್ವಾಮ್ಯ ಮಾತ್ರ ನೋಂದಣಿ ಇಲ್ಲದೆಯೂ ಹುಟ್ಟಿನಿಂದ ಬರುತ್ತದೆ. ಗದಗಿನಲ್ಲಿ ವಕೀಲಿ ಮಾಡುತ್ತ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಹುಯಿಲಗೋಳ ನಾರಾಯಣರಾಯರು ತೀರಿಕೊಂಡದ್ದು 1971ರಲ್ಲಿ. 1957ರ ಕಾಯಿದೆ ಲೇಖಕರ ಮರಣಾನಂತರ 60 ವರ್ಷ ಹಕ್ಕನ್ನು ಉಳಿಸುತ್ತದೆ. ಆ ಲೆಕ್ಕದಲ್ಲಿ ಅವರ ಬರಹದ ಹಕ್ಕು 2031ರ ಕೊನೆಯವರೆಗೆ ಇರುತ್ತದೆ. ಕಂಪನಿ ನಾಟಕಕ್ಕೆ ಪದ ಬರೆದುಕೊಟ್ಟು, ಒಂದು ಊಟ ಮತ್ತು ಶಾಲು ಪಡೆದು ಬಂದ ನಮ್ಮ ಕವಿಗಳಿಗೆ ಇದು ಗೊತ್ತಿದ್ದರೆ ಅವರ ಮಕ್ಕಳ ಪಾಡು ಬೇರೆಯಾಗುತ್ತಿತ್ತು.

ಇಂದಿನ ನಾಲ್ಕು ಕಾಗದಗಳು

ಈ ಇತಿಹಾಸದಿಂದ ಇಂದಿನ ಸಣ್ಣ ಕಸುಬುದಾರ ಏನನ್ನು ತೆಗೆದುಕೊಳ್ಳಬೇಕು? ನಾಲ್ಕು ಸಂಗತಿಗಳನ್ನು ಹೇಳಿದರೆ ಸಾಕು.

ಮೊದಲನೆಯದು ತನ್ನ ಕಸುಬಿನ ನೋಂದಣಿ. 2020ರ ಜುಲೈಯಿಂದ 'ಉದ್ಯಮ್' ನೋಂದಣಿ ಇದೆ. ಸರಕಾರ ಇದಕ್ಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಕೇಳುವವನು ದಲ್ಲಾಳಿ. 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ಇಂಥವರಿಂದ ಸರಕು ಕೊಂಡ ವ್ಯಾಪಾರಿ ಬರಹದ ಕರಾರು ಇದ್ದರೆ ಅದರ ವಾಯಿದೆಯೊಳಗೆ, ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಲು ಪ್ರತ್ಯೇಕ ಮಂಡಳಿ ಇದೆ. 'ದೀಪಾವಳಿಗೆ ಕೊಡ್ತೀನಿ' ಎನ್ನುವ ಷೋರೂಮಿನವರ ಎದುರು ಇದಕ್ಕಿಂತ ದೊಡ್ಡ ಆಯುಧ ಬೇಕಿಲ್ಲ. ಆದರೆ ಕೈಯಲ್ಲಿ ಬಿಲ್ಲು ಇರಬೇಕು, ಸರಕು ಮುಟ್ಟಿದ್ದಕ್ಕೆ ಸಹಿ ಇರಬೇಕು.

ಬೇರೆಯವರ ನೂಲಿಗೆ ನೇಯುವ ಕೂಲಿ ನೇಕಾರನ ಸ್ಥಿತಿ ಬೇರೆ. ಅವನ ಪಾಲಿಗೆ ಇರುವುದು ಕನಿಷ್ಠ ವೇತನದ ಕಾನೂನು. 1948ರ ಆ ಕಾಯಿದೆ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಜೊತೆಗೆ 1976ರ ಜೀತಪದ್ಧತಿ ರದ್ದತಿ ಕಾಯಿದೆ ಇದೆ. ಮುಂಗಡ ಕೊಟ್ಟಿದ್ದೇನೆ, ಅದು ತೀರುವವರೆಗೆ ಬೇರೆಯವರ ಮಗ್ಗಕ್ಕೆ ಹೋಗಬೇಡ ಎಂದು ಕಟ್ಟಿಹಾಕುವುದು ಅಪರಾಧ. ಇದು ಹೊಲದ ಜೀತಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಮಗ್ಗದ ಗುಂಡಿಗೂ ಅದು ಅನ್ವಯಿಸುತ್ತದೆ. ಮೈಕ್ರೋ ಫೈನಾನ್ಸಿನವರು ಬಾಗಿಲಲ್ಲಿ ಕೂತು ಹೆಂಗಸರನ್ನು ಬೈಯುವುದಕ್ಕೆ ತಡೆ ಹಾಕಲು 2025ರಲ್ಲಿ ರಾಜ್ಯ ಸರಕಾರ ಪ್ರತ್ಯೇಕ ಕಾನೂನನ್ನೇ ತಂದಿದೆ.

ಎರಡನೆಯದು ಲೆಕ್ಕ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಲೆಕ್ಕವಲ್ಲ, ಒಟ್ಟು ವಹಿವಾಟಿನ ಲೆಕ್ಕ. 2025ರ ಜುಲೈಯಲ್ಲಿ ಮೊಬೈಲ್ ಪಾವತಿಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಎಷ್ಟೊಂದು ಕಂಗಾಲಾದರು! ಮನೆಯ ಹಣ, ನೆಂಟರ ಹಣ, ಅಂಗಡಿಯ ಹಣ ಎಲ್ಲ ಒಂದೇ ಖಾತೆಯಲ್ಲಿ ಹರಿದರೆ ಯಾವುದು ವ್ಯಾಪಾರದ್ದು ಎಂದು ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ, ಬೇರೆ ಪುಸ್ತಕ ಇಡುವುದು ಅರ್ಧ ಕಾನೂನು ಕಲಿತಂತೆ.

ಮೂರನೆಯದು ಪಾಲುದಾರಿಕೆ ಮತ್ತು ವಾರಸು. ಮುಸ್ಲಿಂ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದೂ ಅವಿಭಕ್ತ ಕುಟುಂಬ ಎಂಬುದು ಕಾನೂನಿನಲ್ಲಿ ಒಂದು ಘಟಕ. ಮುಸ್ಲಿಂ ಕಾನೂನಿನಲ್ಲಿ ಅಂಥದ್ದಿಲ್ಲ. ಅಪ್ಪನ ಹಾಸಿಗೆ ಅಂಗಡಿಯಲ್ಲಿ ಹಿರಿಯ ಮಗ ಇಪ್ಪತ್ತು ವರ್ಷ ದುಡಿದಿರಬಹುದು. ಅಂಗಡಿ ಅಪ್ಪನ ಹೆಸರಿನಲ್ಲೇ ಇದ್ದರೆ, ಅಪ್ಪ ತೀರಿದ ದಿನ ಅದು ಸಾಲ ತೀರಿದ ಮೇಲೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಶರೀಅತ್ತಿನ ಪಾಲಿನಂತೆ ಹಂಚಿಕೆಯಾಗುತ್ತದೆ. ಹಾಗಾಗುವುದು ನ್ಯಾಯವೇ. ಹೆಣ್ಣುಮಕ್ಕಳ ಪಾಲನ್ನು 'ಅಂಗಡಿ ಗಂಡಸರದು' ಎಂದು ನುಂಗುವುದು ಅನ್ಯಾಯ. ಆದರೆ ದುಡಿದ ಮಗನ ದುಡಿಮೆಗೂ ಒಂದು ನ್ಯಾಯ ಬೇಕು. ಅಪ್ಪ ಬದುಕಿರುವಾಗಲೇ ಪಾಲುದಾರಿಕೆ ಪತ್ರ ಬರೆದು, ಯಾರ ಬಂಡವಾಳ ಎಷ್ಟು, ಯಾರ ಪಾಲು ಎಷ್ಟು ಎಂದು ನಮೂದಿಸಿದ್ದರೆ ಎರಡೂ ನ್ಯಾಯ ಕೂಡಿಬರುತ್ತವೆ. ಬರೆದರೆ ಸಾಲದು, 1932ರ ಕಾಯಿದೆಯಡಿ ನೋಂದಾಯಿಸಬೇಕು. ನೋಂದಣಿ ಇಲ್ಲದ ಪಾಲುದಾರಿಕೆ ತನ್ನ ಗಿರಾಕಿಯ ಮೇಲೆ ಬಾಕಿ ವಸೂಲಿಗೆ ದಾವೆ ಹಾಕಲಾರದು. ಅಣ್ಣತಮ್ಮಂದಿರ ನಡುವೆ ಕಾಗದವೇಕೆ ಎನ್ನುವವರು ಅಣ್ಣತಮ್ಮಂದಿರು ಕೋರ್ಟಿನಲ್ಲಿ ಎದುರುಬದುರು ನಿಂತದ್ದನ್ನು ಕಂಡಿಲ್ಲವೆಂದು ಕಾಣುತ್ತದೆ. ಕಾಗದ ಬರೆಯುವುದು ಅಪನಂಬಿಕೆಯಿಂದಲ್ಲ, ಪ್ರೀತಿ ಉಳಿಯಲೆಂದು.

ನಾಲ್ಕನೆಯದು ಪಟ್ಟಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಚಮ್ಮಾರ, ಗೌಂಡಿ, ದರ್ಜಿ, ಕ್ಷೌರಿಕ, ಅಗಸ, ಗೊಂಬೆ ಮಾಡುವವರು ಅದರಲ್ಲಿದ್ದಾರೆ. ತರಬೇತಿ, 15,000 ರೂಪಾಯಿಯ ಸಲಕರಣೆ, ಮೊದಲ ಹಂತದಲ್ಲಿ ಒಂದು ಲಕ್ಷ, ಆಮೇಲೆ ಎರಡು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ. 5. ನಮ್ಮ ದರ್ಜಿಗಳು, ಗೌಂಡಿಗಳು ಇದನ್ನು ಬಳಸಿಕೊಳ್ಳಬೇಕು. ಆದರೆ ಹತ್ತಿ ಹಿಂಜುವ ಪಿಂಜಾರ, ಕಲಾಯಿ ಹಾಕುವವ, ಬಳೆಗಾರ ಆ ಹದಿನೆಂಟರಲ್ಲಿ ಇಲ್ಲ. 725ರ ಶಾಸನದಲ್ಲಿ ಕಂಚುಗಾರನ ಹೆಸರಿತ್ತು. ಅಂದೂ ಇಂದೂ ಪಟ್ಟಿ ಮಾಡುವವರ ಕಣ್ಣಿಗೆ ಎಲ್ಲ ಕಸುಬೂ ಬೀಳುವುದಿಲ್ಲ. ಬೀಳುವಂತೆ ಮಾಡುವುದು ಕಸುಬಿನವರ ಸಂಘದ ಕೆಲಸ, ಬಿಡಿಯಾಗಿ ನಿಂತ ಒಬ್ಬನ ಕೈಲಿ ಆಗುವುದಲ್ಲ.

'ಇದೆಲ್ಲ ಯಾರು ಓದಿ ಹೇಳುತ್ತಾರೆ, ವಕೀಲರಿಗೆ ಕೊಡಲು ಹಣ ಎಲ್ಲಿದೆ' ಎಂಬ ಪ್ರಶ್ನೆ ನ್ಯಾಯವಾದದ್ದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಅವರ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಕಡಿಮೆ ಆದಾಯದ ಬೇರೆಯವರಿಗೂ ಸಿಗುತ್ತದೆ. ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರ, ತಾಲ್ಲೂಕು ಮಟ್ಟದಲ್ಲಿ ಸಮಿತಿ ಇರುತ್ತದೆ. ಇನ್ನು ಓದಿ ಹೇಳುವವರ ಮಾತು. ಪ್ರತಿ ಓಣಿಯಲ್ಲೂ ಇಂದು ಪಿಯುಸಿ, ಡಿಗ್ರಿ ಮುಗಿಸಿದ ಹುಡುಗಿಯರಿದ್ದಾರೆ. ಅಪ್ಪನ ಅಂಗಡಿಯ ಪುಸ್ತಕ ಅವರ ಕೈಗೆ ಕೊಟ್ಟರೆ ಸಾಲದ, ಬಾಕಿಯ, ಕರಾರಿನ ಲೆಕ್ಕ ಮೊದಲ ಸಲ ಮನೆಯೊಳಗೇ ಉಳಿಯುತ್ತದೆ.

ನಮ್ಮ ಸೀಮೆಯ ಕಸುಬುದಾರರಿಗೆ ಕೈಚಳಕದ ಕೊರತೆ ಎಂದೂ ಇರಲಿಲ್ಲ. ಅವರ ಹೆಸರಿನ ಕಾಗದ ಮಾತ್ರ ಒಮ್ಮೆ ಸಾಹುಕಾರನ ಪೆಟ್ಟಿಗೆಯಲ್ಲಿ, ಒಮ್ಮೆ ಸಂಘದ ಕಾರ್ಯದರ್ಶಿಯ ಕಪಾಟಿನಲ್ಲಿ, ಒಮ್ಮೆ ಬೆಂಗಳೂರಿನ ಕಚೇರಿಯಲ್ಲಿ ಇತ್ತು. ಅದನ್ನು ಸ್ವಂತ ಮನೆಯ ಟ್ರಂಕಿಗೆ ತರುವುದು ದೊಡ್ಡ ಕ್ರಾಂತಿಯೇನಲ್ಲ. ಒಂದು ಪುಸ್ತಕ, ಒಂದು ಪೆನ್ನು, ಬರೆದದ್ದರ ಕೆಳಗೆ ಎರಡು ಸಹಿ. ಅಷ್ಟರಿಂದ ಶುರುಮಾಡಿದರೆ ಸಾಕು.